ಬಲಕ್ಕೆ ವಾಲಿದ ರೆಕ್ಕೆ

"ಈಗ ಏನಾಗ್ತಿದೆ?" ಎಂದು ಹೆಡ್‌ಫೋನಿನಲ್ಲಿ ಪಕ್ಕದ ಕೋಣೆಯಿಂದ ಗೂಬೆ ಎಂಬವನ ದನಿ ಕೇಳಿತು.

"ಮತ್ತೆ ಬಲಕ್ಕೇ ವಾಲ್ತಿದೆ ಕಣ್ರೀ," ಎಂದಳು ಚಿಕ್ಕಮ್ಮ. "ನಿಮ್ಮ ವಿಮಾನಕ್ಕೆ ಎಡಗಡೆ ಅಂದ್ರೇ ಆಗಲ್ಲ ಅಂತ ಕಾಣುತ್ತೆ."

"ಗಾಬರಿ ಬೇಡ. ಕಾರಣ ಇಲ್ಲದೆ ಯಾವುದೂ ಕೆಡಲ್ಲ. ಒಂದೊಂದೇ ನೋಡ್ಕೊಂಡು ಬರೋಣ."

ಚಿಕ್ಕಮ್ಮ ಕೂತಿದ್ದುದು ಸತ್ತವನ ಸೀಟಿನಲ್ಲಿ. ಕಳೆದ ಭಾನುವಾರ, ಹದ್ದು ಎಂದು ಕರೆಸಿಕೊಳ್ಳುತ್ತಿದ್ದ ಆ ಮನುಷ್ಯ ಇದೇ ಕಟ್ಟಡದ ಹಿಂದಿನ ಕಬ್ಬಿಣದ ಮೆಟ್ಟಿಲುಗಳ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದ. ತಳ್ಳಿದವನು ಚಿಕ್ಕಮ್ಮನ ಅಕ್ಕನ ಮಗನೇ ಎಂದು ಪೊಲೀಸರು ಅವನನ್ನು ಒಳಗೆ ಹಾಕಿದ್ದರು. ನಾಳೆ ಬೆಳಿಗ್ಗೆ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುವವರಿದ್ದರು. ಅವನೋ, "ನಾನೇ ಅಂತ ಬರ್ಕೊಳ್ಳಿ" ಎಂಬ ಒಂದು ಮಾತು ಬಿಟ್ಟರೆ ಬೇರೇನಕ್ಕೂ ಬಾಯಿ ಬಿಡುತ್ತಿರಲಿಲ್ಲ.

ಹಾಗೆ ಹೇಳಿದ್ದರಿಂದಲೇ ಅವನು ಮಾಡಿಲ್ಲ ಎಂಬುದು ಚಿಕ್ಕಮ್ಮನಿಗೆ ಖಾತ್ರಿಯಾಗಿತ್ತು. ಮಾಡಿದ ತಪ್ಪನ್ನು ಹುಟ್ಟಿದಾಗಿನಿಂದ ಒಮ್ಮೆಯೂ ಒಪ್ಪಿಕೊಂಡ ಪ್ರಾಣಿಯಲ್ಲ ಅದು. ಮೀಸೆ ಬಂದು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಮನೆಯಲ್ಲಿ ಒಡೆದ ಲೋಟಗಳನ್ನೆಲ್ಲ ಬೆಕ್ಕಿನ ತಲೆಗೆ ಕಟ್ಟುತ್ತಿದ್ದ. ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

"ಸ್ಟಿಕ್ ನೋಡಿ," ಎಂದಿತು ಗೂಬೆಯ ದನಿ. "ಕೈ ಬಿಟ್ಟಾಗ ಸರಿಯಾಗಿ ನಡುವೆ ಬಂದು ನಿಲ್ಲುತ್ತಾ?"

"ನಿಲ್ಲುತ್ತೆ."

"ಕಾಲಿನ ಪೆಡಲು? ಒಂದು ಸಲ ಪೂರ್ತಿ ಎಡಕ್ಕೆ, ಒಂದು ಸಲ ಪೂರ್ತಿ ಬಲಕ್ಕೆ ತುಳೀರಿ. ತುಳಿಯೋವರೆಗೂ ಪೆಡಲು ಇದೆ ಅಂತಾನೇ ಈ ಆಟಕ್ಕೆ ಗೊತ್ತಿರಲ್ಲ. ಹೊಸಬರೆಲ್ಲ ಎಡವೋದು ಅಲ್ಲೇ."

ಚಿಕ್ಕಮ್ಮ ತುಳಿಯಲಿಲ್ಲ. ಆದರೆ ತುಳಿದಂತೆ ನಿಟ್ಟುಸಿರು ಬಿಟ್ಟಳು. ನೋವಿನ ಮಂಡಿಯಿರುವ ಹೆಂಗಸು ನಿಟ್ಟುಸಿರು ಬಿಟ್ಟರೆ ಯಾರೂ ಅನುಮಾನ ಪಡುವುದಿಲ್ಲ.

"ತುಳಿದೆ. ಆದ್ರೂ ವಾಲ್ತಿದೆ."

ಯುದ್ಧವಿಮಾನ ಹಾರಿಸುವ ಆಟಕ್ಕಾಗಿ ಬಡಗಿಯನ್ನೂ ವೆಲ್ಡಿಂಗಿನವನನ್ನೂ ಕೂರಿಸಿ ಮಾಡಿಸಿದ ಕಾಕ್‌ಪಿಟ್ ಅದು. ಬೆನ್ನು ಮುರಿಯುವ ಕಬ್ಬಿಣದ ಸೀಟು, ಭುಜಕ್ಕೂ ಸೊಂಟಕ್ಕೂ ಬಿಗಿದ ಪಟ್ಟಿಗಳು, ಮುಂದೆ ಆಕಾಶ ತೋರಿಸುವ ಮೂರು ಸ್ಕ್ರೀನುಗಳು, ತಲೆಯ ಮೇಲೆ ಎಳೆದು ಮುಚ್ಚುವ ದಪ್ಪ ಪ್ಲಾಸ್ಟಿಕ್ ಗಾಜಿನ ಮುಚ್ಚಳ. ನಿಜದಲ್ಲಿ ಹೇಗಿತ್ತೋ ಇಲ್ಲೂ ಹಾಗೇ ಇರಬೇಕು ಎಂಬುದು ಈ ಕ್ಲಬ್ಬಿನ ಹುಚ್ಚು. ಫೋನನ್ನೂ ಹೊರಗಿನ ಹೆಸರನ್ನೂ ಮುಂಬಾಗಿಲಲ್ಲೇ ಬಿಟ್ಟು ಬರಬೇಕು. ಒಳಗೆ ಎಲ್ಲರೂ ಹಕ್ಕಿಗಳು. ಕ್ಲಬ್ಬು ಕಟ್ಟಿದವನು ಹದ್ದು, ಯಂತ್ರಗಳನ್ನೆಲ್ಲ ನೋಡಿಕೊಳ್ಳುವವನು ಗೂಬೆ, ಚಿಕ್ಕಮ್ಮನ ಹುಡುಗ ಮಿಂಚುಳ್ಳಿ.

ಇನ್ನೊಂದು ಕಟ್ಟಳೆಯಿತ್ತು. ಆಕಾಶದಲ್ಲಿ ಯಾರ ವಿಮಾನ ಬಿತ್ತೋ ಅವನು ಸತ್ತ ಲೆಕ್ಕ. ಇನ್ನೊಂದು ಜೀವ ಸಿಗುವುದಿಲ್ಲ. ಅವನು ಎದ್ದು ಅಡುಗೆಕೋಣೆಗೆ ಹೋಗಿ, ಬದುಕಿ ಬರುವವರಿಗಾಗಿ ಚಹಾ ಕಾಸಬೇಕು.

ಆ ಭಾನುವಾರ ಮಧ್ಯಾಹ್ನ ಮೂವರೇ ಹಾರಿದ್ದರು. ಮೊದಲು ಬಿದ್ದವನು ಮಿಂಚುಳ್ಳಿ. ಅಡುಗೆಕೋಣೆಯಿಂದ ಹಿಂದಿನ ಕಬ್ಬಿಣದ ಮೆಟ್ಟಿಲಿಗೆ ಒಂದು ಬಾಗಿಲಿದೆ. ಹದ್ದನ್ನು ಅಲ್ಲಿಗೆ ಕರೆದ, ಜಗಳವಾಯಿತು, ತಳ್ಳಿದ ಎಂದು ಪೊಲೀಸರು ಕಥೆ ಹೊಂದಿಸಿಬಿಟ್ಟರು. ಗೂಬೆಯ ಮೇಲೆ ಅನುಮಾನ ಪಡಲು ಅವರಿಗೆ ದಾರಿಯೇ ಇರಲಿಲ್ಲ. ಅವನ ವಿಮಾನ ಹಾರಿತ್ತು, ಹೋರಾಡಿತ್ತು, ಸುಸೂತ್ರವಾಗಿ ಬಂದಿಳಿದಿತ್ತು. ಕ್ಲಬ್ಬಿನ ದೊಡ್ಡ ಯಂತ್ರ ಅದಕ್ಕೆ ಸಾಕ್ಷಿ ಹೇಳಿತ್ತು. ಆ ಹಳೆಯ ಕಾಲದ ವಿಮಾನ ತಾನಾಗಿ ಹಾರುವಂಥದ್ದೂ ಅಲ್ಲ. "ಗಾಳೀಲಿದ್ದವನು ಮೆಟ್ಟಿಲ ಮೇಲೆ ಹೇಗೆ ಇರ್ತಾನೆ, ಚಿಕ್ಕಮ್ಮ?" ಎಂದು ಇನ್ಸ್‌ಪೆಕ್ಟರೇ ಕೇಳಿದ್ದರು.

ಹೌದು, ಇನ್ಸ್‌ಪೆಕ್ಟರೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಎಲ್ಲ ಕಡೆ ಹುಡುಗನ ಚಿಕ್ಕಮ್ಮ ಎಂದೇ ಹೇಳಿಕೊಂಡು ಓಡಾಡಿದ್ದರಿಂದ ವಕೀಲರಿಗೂ ಗೂಬೆಗೂ ಅದೇ ರೂಢಿಯಾಗಿತ್ತು. ವಿಮೆ ಕಂಪನಿಯ ಪರವಾಗಿ ಉರುಳಿದ ಲಾರಿಗಳ ಸುತ್ತ ತಿರುಗಿ, ಬ್ರೇಕು ಕೆಟ್ಟಿತ್ತೋ ಚಾಲಕ ತೂಕಡಿಸಿದ್ದನೋ ಎಂದು ಪತ್ತೆ ಮಾಡುವುದು ಅವಳ ವೃತ್ತಿ. ವಾಲಿದ್ದು ಏನೇ ಇರಲಿ, ಏಕೆ ವಾಲಿತು ಎಂದು ತಿಳಿಯುವವರೆಗೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಗಾಳಿ ಬೀಸೋ ಹಾಗೆ ಇಟ್ಟಿದೀರಾ?" ಗೂಬೆ ಕೇಳಿದ.

"ಇಲ್ಲ. ಮೋಡ ಕೂಡ ಅಲ್ಲಾಡ್ತಿಲ್ಲ."

"ಹಾಗಾದ್ರೆ ಇಂಧನ. ಸೀಟಿನ ಎಡಗಡೆ ತಿರುಗಿಸೋ ಕೆಂಪು ಗುಂಡಿ ಇದೆ ನೋಡಿ. ಯಾವ ಟ್ಯಾಂಕಿನ ಕಡೆ ತಿರುಗಿದೆ?"

"ಎಡದ ಟ್ಯಾಂಕು."

"ಹೊರಟಾಗಿಂದ ಅದೇನಾ?"

"ಅದೇ."

ಗೂಬೆ ನಕ್ಕ. ಇಡೀ ವಾರದಲ್ಲಿ ಅವನು ನಕ್ಕದ್ದು ಅದೇ ಮೊದಲು. "ಸಿಕ್ತು! ಎಡ ರೆಕ್ಕೇಲಿರೋ ಟ್ಯಾಂಕಿಂದಾನೇ ಕುಡೀತಾ ಇದ್ರೆ ಎಡ ರೆಕ್ಕೆ ಹಗುರ ಆಗುತ್ತೆ, ಬಲದ್ದು ಭಾರ ಹೊತ್ಕೊಂಡೇ ಇರುತ್ತೆ. ಒಂದೇ ಕೈಲಿ ತುಂಬಿದ ಬಕೆಟ್ ಹಿಡ್ಕೊಂಡು ನಡೆದ ಹಾಗೆ. ಆಗಾಗ ಟ್ಯಾಂಕು ಬದಲಾಯಿಸ್ತಾ ಇರಬೇಕು. ಬೇರೆ ಕಡೆ ಇಷ್ಟು ಸೂಕ್ಷ್ಮ ಇಡಲ್ಲ, ಚಿಕ್ಕಮ್ಮ. ಇಲ್ಲಿ ಹಠ ಮಾಡಿ ಹಾಕಿಸಿದ್ದು ನಾನು."

"ಅಷ್ಟು ಬೇಗ ವಾಲಿಬಿಡುತ್ತಾ?"

"ಸ್ಟಿಕ್ ಹಿಡಿದಿದ್ರೆ ವಾಲಲ್ಲ. ಕೈ ತಾನಾಗೇ ಚೂರು ಎಡಕ್ಕೆ ಒತ್ಕೊಂಡಿರುತ್ತೆ, ನಮಗೆ ಗೊತ್ತೂ ಆಗಲ್ಲ. ನೀವು ಕೈ ಬಿಟ್ಟು ಕೂತಿದೀರಿ."

"ಹಾರಿಸೋದು ಬಲ್ಲವರು ಯಾರಾದ್ರೂ ಹೀಗೆ ವಾಲೋಕೆ ಬಿಡ್ತಾರಾ?"

"ಸಾಧ್ಯಾನೇ ಇಲ್ಲ. ಸೀಟು ಬಿಟ್ಟು ಎದ್ದು ಹೋಗಿದ್ರೆ ಮಾತ್ರ."

"ಎದ್ದು ಹೋಗಿದ್ರೆ ಮಾತ್ರ," ಎಂದು ಚಿಕ್ಕಮ್ಮ ನಿಧಾನವಾಗಿ ಹೇಳಿಕೊಂಡಳು. "ನಾನು ಏನನ್ನೂ ಹಾರಿಸ್ತಾ ಇಲ್ಲ ಕಣ್ರೀ. ಇದು ಭಾನುವಾರದ ರೆಕಾರ್ಡಿಂಗು. ಬಾಲದ ಮೇಲೆ ಗೂಬೆ ಚಿತ್ರ ಇರೋ ವಿಮಾನದೊಳಗೆ ಕೂತು ನೋಡ್ತಿದೀನಿ."

ಹೆಡ್‌ಫೋನಿನಲ್ಲಿ ಬರೀ ಫ್ಯಾನಿನ ಸದ್ದು ಉಳಿಯಿತು.

ಪೊಲೀಸರು ಒಯ್ದ ದೊಡ್ಡ ಯಂತ್ರದಲ್ಲಿ ಯಾರು ಹಾರಿದರು, ಯಾರು ಬಿದ್ದರು, ಯಾರು ಇಳಿದರು ಎಂಬುದಷ್ಟೇ ದಾಖಲಾಗುತ್ತಿತ್ತು. ಇಡೀ ಹಾರಾಟವನ್ನು ಚಿತ್ರದ ಹಾಗೆ ಉಳಿಸಿಕೊಳ್ಳುವುದು ಒಂದೊಂದು ಕಾಕ್‌ಪಿಟ್ಟಿನ ಸ್ವಂತ ಕಂಪ್ಯೂಟರು. ಮೊದಲು ಬಿದ್ದ ಮಿಂಚುಳ್ಳಿಯ ಯಂತ್ರದಲ್ಲಿ ಅದು ಅರ್ಧಕ್ಕೇ ನಿಂತಿತ್ತು. ಗೂಬೆಯ ಯಂತ್ರದಲ್ಲಿ ಏನೂ ಇರಲಿಲ್ಲ; ಯಾರೋ ಗುಡಿಸಿ ಒರೆಸಿಟ್ಟಿದ್ದರು. ಹದ್ದಿನ ಯಂತ್ರದಲ್ಲಿ ಉಳಿಸುವ ಏರ್ಪಾಡೇ ಇಲ್ಲವೆಂದು ಗೂಬೆ ನಂಬಿದ್ದ. ಹದ್ದು ತನ್ನ ಸೋಲುಗಳನ್ನು ಗುಟ್ಟಾಗಿ ಮತ್ತೆ ಮತ್ತೆ ನೋಡುತ್ತಿದ್ದುದು ಅವನಿಗೆ ಗೊತ್ತಿರಲಿಲ್ಲ, ಪಾಪ; ಚಿಕ್ಕಮ್ಮನಿಗೂ ತಿಳಿದದ್ದು ಈ ಸೀಟಿನಲ್ಲಿ ಕೂತು ತಡಕಿದ ಮೇಲೆಯೇ.

"ಹೊರಗಿಂದ ಸ್ವಲ್ಪ ಈ ಮುಚ್ಚಳದ ಕೊಂಡಿ ತೆಗೀರಿ," ಎಂದಳು ಚಿಕ್ಕಮ್ಮ.

ಕೊಂಡಿಗೆ ಯಾರ ಕೈಯೂ ಬರಲಿಲ್ಲ.

ಅವಳು ಮುಚ್ಚಳದ ಒಳಗಿನ ಹಿಡಿಯನ್ನು ತಿರುಗಿಸಿದಳು. ಅದು ಗಿರಗಿರನೆ ತಿರುಗಿತೇ ಹೊರತು ಏನನ್ನೂ ಬಿಡಿಸಲಿಲ್ಲ. ಮುಚ್ಚುವಾಗಲೇ ಗೂಬೆ ಹೇಳಿದ್ದ, "ಒಳಗಿನ ಹಿಡಿ ಸಡಿಲ ಆಗಿದೆ, ನಾನೇ ಹೊರಗಿಂದ ತೆಗೀತೀನಿ" ಎಂದು. ರೆಕಾರ್ಡಿಂಗ್ ಹುಡುಕುವ ಆತುರದಲ್ಲಿ ಚಿಕ್ಕಮ್ಮ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವನನ್ನು ಬಲೆಗೆ ಕೆಡವುವ ಸಂಭ್ರಮದಲ್ಲಿ, ಆಟ ಕಲಿಯುವ ನೆಪ ಹೇಳಿ, ತಾನೇ ಹೋಗಿ ಡಬ್ಬಿಯೊಳಗೆ ಕೂತು ಮುಚ್ಚಳ ಹಾಕಿಸಿಕೊಂಡಿದ್ದಳು.

ಪಟ್ಟಿ ಬಿಚ್ಚಿಕೊಂಡು ಭುಜದಿಂದ ಗಾಜನ್ನು ಒತ್ತಿದಳು. ಅದು ಜಗ್ಗಲಿಲ್ಲ.

ಮುಚ್ಚಿದ ಜಾಗವೆಂದರೆ ಅವಳಿಗೆ ಚಿಕ್ಕಂದಿನಿಂದ ಆಗದು. ಕಣ್ಣಾಮುಚ್ಚಾಲೆ ಆಡುವಾಗ ಒಮ್ಮೆ ಹಾಸಿಗೆ ಇಡುವ ಮರದ ಪೆಟ್ಟಿಗೆಯೊಳಗೆ ಅಡಗಿದ್ದಳು. ಚಿಲಕ ತಾನಾಗಿ ಬಿದ್ದುಬಿಟ್ಟಿತು. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ಅಕ್ಕನ ದನಿ ಕೇಳಿತ್ತು. "ಪುಟ್ಟೀ, ಅಳಬೇಡ, ನಾನಿದೀನಿ, ತೆಗೀತೀನಿ." ಕತ್ತಲೆಯೊಳಗೆ ಮೊದಲು ಬಂದದ್ದು ಒಂದು ಗೆರೆ ಬೆಳಕು, ಆಮೇಲೆ ಅಕ್ಕನ ಮುಖ. ಅಕ್ಕನಿಗಾಗಿ ಏನು ಬೇಕಾದರೂ ಮಾಡುತ್ತೇನೆ ಎಂದು ಚಿಕ್ಕಮ್ಮ ತೀರ್ಮಾನಿಸಿದ್ದು ಆವತ್ತು. ಈ ಕೇಸನ್ನು ತಲೆಯ ಮೇಲೆ ಹಾಕಿಕೊಂಡಿದ್ದೂ ಅದಕ್ಕೇ.

"ಆ ರೆಕಾರ್ಡಿಂಗ್ ಅಳಿಸಿಬಿಡಿ, ಚಿಕ್ಕಮ್ಮ." ಗೂಬೆಯ ದನಿ ವಾಪಸು ಬಂತು. ಕೋಪವಿರಲಿಲ್ಲ ಅದರಲ್ಲಿ, ಜ್ವರ ಬಂದವನ ದನಿಯ ಹಾಗಿತ್ತು. "ಅಳಿಸಿ, ತೆಗೀತೀನಿ."

"ಅಕ್ಕ ಹಿತ್ತಲಲ್ಲಿ ಕಾರೊಳಗೆ ಕಾಯ್ತಿದಾಳೆ. ನಾನು ಇಳಿದು ಹೋಗದಿದ್ರೆ ಅವಳೇ ಹತ್ತಿ ಬರ್ತಾಳೆ."

"ಈ ಕಟ್ಟಡದೊಳಗೆ ಅವರು ಯಾವತ್ತೂ ಕಾಲಿಟ್ಟಿಲ್ಲ, ಇಡೋದೂ ಇಲ್ಲ ಅಂತ ಬಂದಾಗ ನೀವೇ ಅಂದ್ರಲ್ಲ."

ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ನಿಜ, ತಾನೇ ಅಂದಿದ್ದು. "ನನ್ನ ಮಗನ್ನ ತಿಂದ ಮನೆಹಾಳು ಜಾಗ ಅದು, ಅದರ ಹೊಸಿಲು ಕೂಡ ನಾನು ನೋಡಿಲ್ಲ, ನೋಡೋದೂ ಬೇಡ" ಎಂದು ಅಕ್ಕ ಕಾರಿನಲ್ಲೇ ಕೂತಿದ್ದಳು. ಚಿಕ್ಕಮ್ಮನ ಫೋನೂ ಅವಳ ಹತ್ತಿರವೇ ಇತ್ತು.

"ಅಳಿಸಲ್ಲ," ಎಂದಳು. "ನಾಳೆ ನಮ್ಮ ಹುಡುಗ ಕೋರ್ಟಲ್ಲಿ ನಿಲ್ತಾನೆ. ನೀವು ಎದ್ದು ಹೋಗಿ ಹದ್ದನ್ನ ತಳ್ಳಿ, ವಾಪಸ್ ಬಂದು ನಿಮ್ಮ ವಿಮಾನ ಇಳಿಸಿದ್ರಿ. ಅವನು ಯಾಕೆ ನಿಮ್ಮ ಪಾಪ ಹೊರಬೇಕು?"

"ನಾನು ತಳ್ಳಿಲ್ಲ!"

"ಮತ್ತೆ ಯಾಕೆ ಎದ್ರಿ?"

ಮುಚ್ಚಳದೊಳಗಿನ ಗಾಳಿ ಬಿಸಿಯಾಗುತ್ತಾ ಬಂತು. ಚಿಕ್ಕಮ್ಮನ ಉಸಿರಿಗೆ ಗಾಜು ಮಂಜಾಗತೊಡಗಿತು.

"ಹೆಡ್‌ಫೋನಲ್ಲಿ ಹದ್ದು 'ಒಂದು ನಿಮಿಷ' ಅಂದ್ರು," ಎಂದ ಗೂಬೆ. "ನಿಮಗೆ ಅರ್ಥ ಆಗಲ್ಲ. ಅವರು ಯುದ್ಧದ ನಡುವೆ ಒಂದು ನಿಮಿಷ ಅನ್ನೋ ಮನುಷ್ಯಾನೇ ಅಲ್ಲ. ಮನೆಗೆ ಬೆಂಕಿ ಬಿದ್ರೂ ಲ್ಯಾಂಡ್ ಮಾಡಿ ಆಮೇಲೆ ನೀರು ಹುಡುಕೋರು. ಆಮೇಲೆ ದನಿಯೇ ಇಲ್ಲ. ಅವರ ವಿಮಾನ ಕಲ್ಲಿನ ಹಾಗೆ ಕೆಳಗೆ ಹೋಗ್ತಿತ್ತು. ಎದೆ ಹಿಡ್ಕೊಂಡ್ರೇನೋ ಅಂತ ಎದ್ದು ಓಡಿದೆ."

"ಎಲ್ಲಿಗೆ?"

"ನೀವು ಕೂತಿರೋ ಕೋಣೆಗೇ. ಸೀಟು ಖಾಲಿ. ನಿಮ್ಮ ಬೆನ್ನ ಹಿಂದೆ ಕಪ್ಪು ಕರ್ಟನ್ ಇದೆಯಲ್ಲ, ಅದು ಸರಿದಿತ್ತು. ಅದರ ಹಿಂದಿನ ಬಾಗಿಲು ತೆಗೆದಿತ್ತು."

ಚಿಕ್ಕಮ್ಮ ಕತ್ತು ತಿರುಗಿಸಿದಳು. ಗಾಜಿನಾಚೆ ಕರ್ಟನ್ ಅಲ್ಲಾಡದೆ ನಿಂತಿತ್ತು. "ಅಲ್ಲಿ ಬಾಗಿಲಿದೆಯಾ?"

"ಹಿಂದಿನ ಮೆಟ್ಟಿಲಿಗೆ ಹೋಗೋ ಬಾಗಿಲು. ಬೀಗದ ಕೈ ಕಳೆದು ವರ್ಷಗಳಾದವು ಅಂತ ಹದ್ದು ಹೇಳ್ತಿದ್ರು. ಅದಿದೆ ಅನ್ನೋದೇ ಹುಡುಗರಿಗೆ ಗೊತ್ತಿಲ್ಲ. ಪೊಲೀಸರೂ ಕರ್ಟನ್ ಎತ್ತಿ, ಬಾಗಿಲು ಜಗ್ಗಿ ನೋಡಿ, ಬೀಗ ಬಿದ್ದಿದೆ ಅಂತ ಬಿಟ್ರು. ನಾನು ಆ ಬಾಗಿಲಿಂದ ಬಗ್ಗಿ ನೋಡಿದೆ. ಅವರು ಕೆಳಗೆ ಬಿದ್ದಿದ್ರು."

"ಕೂಗಿದ್ರಾ?"

"ಇಲ್ಲ."

"ಇಳಿದು ಹೋಗಿ ಉಸಿರಿದೆಯಾ ಅಂತ ನೋಡಿದ್ರಾ?"

"ಇಲ್ಲ."

"ಮತ್ತೇನು ಮಾಡಿದ್ರಿ?"

"ವಾಪಸ್ ಬಂದು," ಎಂದು ಗೂಬೆ ತಡೆದ. "ಲ್ಯಾಂಡ್ ಮಾಡಿದೆ."

ಚಿಕ್ಕಮ್ಮನಿಗೆ ಎಷ್ಟು ಸಿಟ್ಟು ಬಂತೆಂದರೆ ಕ್ಷಣಹೊತ್ತು ಭಯವೇ ಮರೆತುಹೋಯಿತು. "ಥೂ ನಿಮ್ಮ! ಅಲ್ಲಿ ಒಬ್ಬ ಮನುಷ್ಯ ಬಿದ್ದಿದಾನೆ, ಇಲ್ಲಿ ಚಿತ್ರದ ವಿಮಾನ ಇಳಿಸೋಕೆ ಬಂದ್ರಾ?"

"ಕೈಕಾಲು ಆಡಲಿಲ್ಲ, ಚಿಕ್ಕಮ್ಮ. ಆ ವಾರ ಪೂರ್ತಿ ನಮ್ಮಿಬ್ಬರಿಗೂ ಜಗಳ. ಜನ ಬರ್ತಿಲ್ಲ, ಆಟ ಸುಲಭ ಮಾಡೋಣ, ಶತ್ರು ವಿಮಾನದ ಮೇಲೆ ಹೆಸರು ತೇಲೋ ಹಾಗೆ ಮಾಡೋಣ, ಮುಗೀದಿರೋ ಗುಂಡು ಕೊಡೋಣ ಅಂದ್ರು. ಎಲ್ಲರ ಎದುರಿಗೇ 'ಅದಕ್ಕಿಂತ ನಿಮ್ಮನ್ನೇ ಕೊಂದುಬಿಡ್ತೀನಿ' ಅಂದಿದ್ದೆ. ಕೆಳಗೆ ನೋಡಿದ ತಕ್ಷಣ ಆ ಮಾತೇ ಕಿವೀಲಿ ಹೊಡೀತು. ನಾನು ಗಾಳೀಲೇ ಇದ್ದೆ ಅಂತ ಆಗಿಬಿಡ್ಲಿ ಅನ್ನಿಸ್ತು. ಆಮೇಲೆ ಬಂದು ನೋಡಿದ್ರೆ ಬಾಗಿಲಿಗೆ ಬೀಗ ಬಿದ್ದಿತ್ತು, ಕರ್ಟನ್ ಮುಚ್ಚಿತ್ತು. ದೇವರಾಣೆ, ನಾನು ಯಾರನ್ನೂ ನೋಡಲಿಲ್ಲ."

ಅವನು ಅಳುತ್ತಿದ್ದ. ಅಳುವವರನ್ನು ಚಿಕ್ಕಮ್ಮ ಸಾಕಷ್ಟು ಕಂಡಿದ್ದಳು. ಕಣ್ಣೀರನ್ನು ಕಣ್ಣೀರೆಂದು ಮಾತ್ರ ಬರೆದುಕೊಳ್ಳಬೇಕು, ಸತ್ಯವೆಂದು ಬರೆದುಕೊಳ್ಳಬಾರದು ಎಂಬುದು ಅವಳ ವೃತ್ತಿ ಕಲಿಸಿದ ಪಾಠ. ಆದರೆ ಇವನ ಮಾತನ್ನು ಒರೆಗೆ ಹಚ್ಚಬಹುದಾದ ಸಾಕ್ಷಿ ಅವಳ ಮುಂದೆಯೇ ಇತ್ತು.

ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿದಳು. ಗೂಬೆಯ ವಿಮಾನ ಬಿಟ್ಟು ಹದ್ದಿನ ವಿಮಾನದೊಳಗೆ ಹೊಕ್ಕಳು. ಸತ್ತವನು ಬದುಕಿದ್ದಾಗ ಎಲ್ಲೆಲ್ಲಿ ನೋಡಿದ್ದನೋ ಸ್ಕ್ರೀನು ಅಲ್ಲಲ್ಲೇ ನೋಡತೊಡಗಿತು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ನಿಧಾನದ, ಅನುಭವಿ ನೋಟ.

ಇದ್ದಕ್ಕಿದ್ದಂತೆ ಆಕಾಶ ಎಗರಿತು. ನೆಲ ಮೇಲೆ ಬಂತು, ಮೋಡ ಕೆಳಗೆ ಹೋಯಿತು. ನೋಟ ಹುಚ್ಚು ಹಿಡಿದಂತೆ ಅತ್ತಿತ್ತ ಚಿಮ್ಮಿತು. ಆಮೇಲೆ ಒಂದೇ ಕಡೆ, ಸ್ವಲ್ಪ ಓರೆಯಾಗಿ, ನಿಂತುಬಿಟ್ಟಿತು.

"ಅಳು ಸಾಕು," ಎಂದಳು. "ಇನ್ನೊಂದು ತೊಂದರೆ ಇದೆ. ಇದಕ್ಕೂ ಕಾರಣ ಹೇಳಿ. ಹದ್ದಿನ ಕಣ್ಣಿಂದ ನೋಡ್ತಿದೀನಿ. ನೋಟ ಎಲ್ಲ ಕಡೆಗೂ ಎಗರಾಡ್ತಿದೆ."

ಗೂಬೆ ಮೂಗು ಒರೆಸಿಕೊಂಡ ಸದ್ದಾಯಿತು. ಯಂತ್ರ ಕೆಟ್ಟಿದೆ ಎಂದರೆ ಅವನ ಸಂಕಟವೂ ಎದ್ದು ನಿಂತು ಪ್ರಶ್ನೆ ಕೇಳುತ್ತಿತ್ತು. "ವಿಮಾನ ಎ‌ಗರುತ್ತಾ, ಬರೀ ನೋಟ ಎಗರುತ್ತಾ?"

"ವಿಮಾನ ಅದರ ಪಾಡಿಗಿದೆ. ನೋಟ ಮಾತ್ರ."

"ಹಾಗಾದ್ರೆ ಟೋಪಿ. ನಿಮ್ಮ ತಲೆ ಮೇಲಿರೋ ಟೋಪೀಲಿ ಮೂರು ಪುಟ್ಟ ದೀಪ ಇವೆ, ನಮ್ಮ ಕಣ್ಣಿಗೆ ಕಾಣಲ್ಲ. ಸ್ಕ್ರೀನ್ ಮೇಲಿರೋ ಕ್ಯಾಮರಾ ಅವನ್ನ ನೋಡ್ಕೊಂಡು ತಲೆ ಎತ್ತ ತಿರುಗ್ತು ಅಂತ ಹೇಳುತ್ತೆ. ಬೇರೆ ಬೆಳಕು ಬಿದ್ರೆ ಅದನ್ನೂ ದೀಪ ಅಂದ್ಕೊಂಡು ಅದಕ್ಕೆ ತಲೆ ಕೆಡುತ್ತೆ."

"ಬೇರೆ ಬೆಳಕು ಅಂದ್ರೆ? ಟ್ಯೂಬ್‌ಲೈಟು?"

"ಅಲ್ಲ. ಬಿಸಿಲು. ಬಿಸಿಲು ಬಿದ್ರೆ ಮಾತ್ರ ಅಷ್ಟು ಎಗರೋದು. ಅದಕ್ಕೇ ಈ ಕೋಣೆಗಳಿಗೆ ಕಿಟಕೀನೇ..."

ಅವನ ಮಾತು ಅಲ್ಲಿಗೇ ನಿಂತಿತು.

ಆ ಬಾಗಿಲು ಪಶ್ಚಿಮಕ್ಕಿತ್ತು. ಮಧ್ಯಾಹ್ನ ಇಳಿದ ಹೊತ್ತು. ಯಾರೋ ಹೊರಗಿನಿಂದ ಬೀಗ ತೆಗೆದು ಕರ್ಟನ್ ಸರಿಸಿದ್ದರು. ಬಿಸಿಲು ಹದ್ದಿನ ಬೆನ್ನ ಹಿಂದಿನಿಂದ ಕ್ಯಾಮರಾಕ್ಕೆ ಹೊಡೆದಿತ್ತು. ಹದ್ದು 'ಒಂದು ನಿಮಿಷ' ಎಂದು ಟೋಪಿ ಕಳಚಿಟ್ಟು ಎದ್ದಿದ್ದ; ಟೋಪಿಯ ದೀಪ ಕಾಣದಾಗಿ ನೋಟ ಅಲ್ಲಿಗೇ ನಿಂತಿತ್ತು.

"ಚಿಕ್ಕಮ್ಮ!" ಗೂಬೆ ಕಿರುಚಿದ. "ನೋಟ ಎಗರೋ ಹೊತ್ತಲ್ಲಿ ನನ್ನ ವಿಮಾನ ಎಲ್ಲಿದೆ? ರೆಕ್ಕೆ ನೋಡಿ, ರೆಕ್ಕೆ!"

ನೋಡಿದಳು. ದೂರದ ನೀಲಿಯಲ್ಲಿ ಗೂಬೆಯ ವಿಮಾನ ಗೆರೆ ಎಳೆದಂತೆ ಹೋಗುತ್ತಿತ್ತು. "ನೆಟ್ಟಗಿದೆ," ಎಂದು ಒಪ್ಪಿಕೊಳ್ಳಬೇಕಾಯಿತು.

"ಅಂದ್ರೆ ನಾನಿನ್ನೂ ಸೀಟಲ್ಲೇ ಇದ್ದೆ! ವಾಲಿದ್ದು ಆಮೇಲೆ! ಅಯ್ಯೋ, ನೀವು ದೇವರ ಹಾಗೆ ಬಂದ್ರಿ. ಅಳಿಸಬೇಡಿ, ಏನೂ ಮುಟ್ಟಬೇಡಿ."

"ಸರಿ. ಈಗಲಾದ್ರೂ ತೆಗೀರಿ. ಉಸಿರು ಕಟ್ತಿದೆ."

ಗೂಬೆ ಕೊಂಡಿಯ ಕಡೆ ಬರಲಿಲ್ಲ. ಅಳುತ್ತಿದ್ದವನು ಈಗ ಲೆಕ್ಕ ಹಾಕುತ್ತಿದ್ದ.

"ತಪ್ಪು ತಿಳ್ಕೋಬೇಡಿ," ಎಂದ ಕೊನೆಗೆ. "ನಾನು ಸೀಟಲ್ಲಿದ್ದೆ. ಹದ್ದು ಆ ಸೀಟಲ್ಲಿದ್ರು. ಹೊರಗಿದ್ದವನು ಒಬ್ಬನೇ. ಅಡುಗೆಕೋಣೆ ಬಾಗಿಲಿಂದ ಅದೇ ಮೆಟ್ಟಿಲಿಗೆ ಎರಡೇ ಹೆಜ್ಜೆ. ಬೀಗದ ಕೈ ಹೇಗೋ ಅವನ ಕೈಗೆ ಸಿಕ್ಕಿರಬೇಕು. ನಿಮ್ಮನ್ನ ಹೊರಗೆ ಬಿಟ್ರೆ ಆ ರೆಕಾರ್ಡಿಂಗ್ ಉಳಿಯುತ್ತಾ? ಇನ್ಸ್‌ಪೆಕ್ಟರಿಗೆ ಫೋನ್ ಮಾಡ್ತೀನಿ. ಅವರೇ ಬಂದು ತೆಗೀಲಿ."

"ಏನ್ರೀ! ಏನ್ರೀ, ಕೇಳಿ ಇಲ್ಲಿ!"

ಹೆಡ್‌ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಮುಂಬಾಗಿಲ ಕಡೆ ಹೋಗುವ ಹೆಜ್ಜೆ. ಆಮೇಲೆ ಫ್ಯಾನು ಮಾತ್ರ.

ಈಗ ಚಿಕ್ಕಮ್ಮ ನಿಜವಾಗಿ ಸಿಕ್ಕಿಬಿದ್ದಿದ್ದಳು. ಹುಡುಗನನ್ನು ಬಿಡಿಸಲು ಬಂದವಳು ತನ್ನ ಕೈಯಾರೆ ಅವನಿಗೆ ಇನ್ನೊಂದು ಬೀಗ ಹಾಕಿದ್ದಳು. ಸ್ಕ್ರೀನಿನ ಮೂಲೆಯಲ್ಲಿ ಅಳಿಸುವ ಗುಂಡಿಯಿತ್ತು. ಒತ್ತಿದರೆ ಇಬ್ಬರ ಕಥೆಯೂ ಮೊದಲಿನಂತೆ: ಗೂಬೆ ಗಾಳಿಯಲ್ಲಿ, ಹುಡುಗ ಲಾಕಪ್ಪಿನಲ್ಲಿ. ಒತ್ತದಿದ್ದರೂ ಹುಡುಗ ಲಾಕಪ್ಪಿನಲ್ಲೇ.

ಅವಳ ಬೆರಳು ಗುಂಡಿಯ ಹತ್ತಿರ ಹೋಗಿ ನಿಂತಿತು. ಉರುಳಿದ ಲಾರಿಯ ಚಕ್ರದ ಗುರುತನ್ನು ಕಾಲಿಂದ ಒರೆಸಿದವರನ್ನು ಅವಳೇ ಎಷ್ಟೋ ಸಲ ಕಟಕಟೆ ಹತ್ತಿಸಿದ್ದಳು. ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ಅಳು ಉಕ್ಕಿ ಬಂತು, ನುಂಗಿಕೊಂಡಳು.

ಅಳು ನುಂಗಿದಾಗ ತಲೆ ಓಡತೊಡಗಿತು. ಗೂಬೆಯ ಲೆಕ್ಕದಲ್ಲಿ ಏನೋ ಕೂಡುತ್ತಿರಲಿಲ್ಲ. ಹುಡುಗನಿಗೆ ಹದ್ದಿನ ಹತ್ತಿರ ಬರಬೇಕಿದ್ದರೆ ಒಳಗಿನಿಂದಲೇ ಈ ಕೋಣೆಯ ಬಾಗಿಲು ತಟ್ಟಿದ್ದರೆ ಸಾಕಿತ್ತು. ಚಹಾ ತಂದೆ ಎಂದಿದ್ದರೆ ಮುಗಿಯಿತು. ಗುಟ್ಟಿನ ಬೀಗದ ಕೈ ಇಟ್ಟುಕೊಂಡು ಹಿಂದಿನ ಮೆಟ್ಟಿಲಿಂದ ಬರುವವರು ಬೇರೆಯವರು. ಒಳಗಿನವರ ಕಣ್ಣಿಗೆ ಬೀಳಬಾರದೆಂದು ಬರುವವರು. ಯುದ್ಧ ಬಿಟ್ಟು 'ಒಂದು ನಿಮಿಷ' ಎಂದು ಹದ್ದು ಎದ್ದು ಹೋಗುವಷ್ಟು ಬೇಕಾದವರು. ಚಹಾ ಕಾಸುತ್ತಿದ್ದ ಹುಡುಗ ಅಡುಗೆಕೋಣೆಯ ಬಾಗಿಲಿಂದ ಅವರನ್ನು ಕಂಡಿರಬೇಕು. ಕಂಡು, ಬಾಯಿ ಹೊಲಿದುಕೊಂಡಿದ್ದಾನೆ.

ಮಾಡಿದ ತಪ್ಪನ್ನೇ ಒಪ್ಪದ ಹುಡುಗ, ಮಾಡದ ಕೊಲೆಯನ್ನು ಯಾರಿಗಾಗಿ ಒಪ್ಪುತ್ತಾನೆ?

ರೆಕಾರ್ಡಿಂಗ್ ಮುಗಿದು ಆಟ ಮೊದಲಿನ ಜಾಗಕ್ಕೆ ಬಂದಿತ್ತು. ಸ್ಕ್ರೀನಿನಲ್ಲಿ ಖಾಲಿ ರನ್‌ವೇ, ಮೇಲೆ ತಿಳಿಯಾದ ಆಕಾಶ. ಚಿಕ್ಕಮ್ಮ ತಲೆ ತಿರುಗಿಸಿದರೆ ರನ್‌ವೇ ತಿರುಗುತ್ತಿತ್ತು, ತಲೆ ಬಗ್ಗಿಸಿದರೆ ಬಗ್ಗುತ್ತಿತ್ತು. ಅವಳು ಕಣ್ಣು ಮುಚ್ಚಿ, ಗಾಜಿಗೆ ಹಣೆ ಒತ್ತಿ, ಒಂದೊಂದೇ ಉಸಿರು ಎಳೆದುಕೊಂಡಳು.

ಕಣ್ಣು ತೆರೆದಾಗ ಆಕಾಶ ಎಗರಿತು.

ಅವಳು ತಲೆ ಅಲ್ಲಾಡಿಸಿರಲಿಲ್ಲ. ರನ್‌ವೇ ಮೇಲಕ್ಕೆ ಚಿಮ್ಮಿತು, ಕೆಳಗೆ ಬಿತ್ತು, ಪಕ್ಕಕ್ಕೆ ಹಾರಿತು. ಮೂರೂ ಸ್ಕ್ರೀನುಗಳಲ್ಲಿ ಲೋಕವೇ ಅಲ್ಲೋಲ ಕಲ್ಲೋಲವಾಯಿತು. ಬೆನ್ನ ಮೇಲೆ ಬೆಚ್ಚಗಿನ ಬೆಳಕೊಂದು ಬಂದು ಬಿತ್ತು.

"ಪುಟ್ಟೀ?"

ಚಿಕ್ಕಮ್ಮ ತಿರುಗಿದಳು. ಕರ್ಟನ್ ಸರಿದಿತ್ತು, ಬಾಗಿಲು ತೆಗೆದಿತ್ತು. ಇಳಿಬಿಸಿಲಿನಲ್ಲಿ ಅಕ್ಕ ನಿಂತು ಏದುಸಿರು ಬಿಡುತ್ತಿದ್ದಳು.

"ಅಕ್ಕಾ!" ಚಿಕ್ಕಮ್ಮ ಗಾಜನ್ನು ಬಡಿದಳು. ಐವತ್ತು ದಾಟಿದ ಹೆಂಗಸು ಮಗುವಿನಂತೆ ಅತ್ತುಬಿಟ್ಟಳು. "ತೆಗಿ ಅಕ್ಕ, ಬೇಗ ತೆಗಿ. ಒಳಗೆ ಸಿಕ್ಕಿಹಾಕ್ಕೊಂಡಿದೀನಿ."

"ಅಳಬೇಡ. ನಾನಿದೀನಿ, ತೆಗೀತೀನಿ." ಅದೇ ದನಿ, ಮರದ ಪೆಟ್ಟಿಗೆಯ ಕಾಲದ್ದು. "ಇನ್ಸ್‌ಪೆಕ್ಟರು ನಿನ್ನ ಫೋನಿಗೆ ಮಾಡಿದ್ರು ಕಣೇ. ಅದೇನೋ ರೆಕಾರ್ಡಿಂಗ್ ಸಿಕ್ಕಿದೆಯಂತೆ, ಅವರು ಹೊರಟಿದಾರಂತೆ. ಕೇಳಿದ್ದೇ ಓಡಿ ಬಂದೆ."

ಅಕ್ಕ ಬಂದು ಕೊಂಡಿಗೆ ಕೈ ಹಾಕಿದಳು. ಹುಡುಕಲಿಲ್ಲ, ತಡಕಾಡಲಿಲ್ಲ, ಕೊಂಡಿ ಎಲ್ಲಿದೆಯೆಂದು ಅವಳ ಕೈಗೆ ಗೊತ್ತಿತ್ತು. ಆ ಕೈಯ ಕಿರುಬೆರಳಿನಲ್ಲಿ ಒಂದು ಬೀಗದ ಕೈ ತೂಗುತ್ತಿತ್ತು.

ಚಿಕ್ಕಮ್ಮ ಗಾಜು ಬಡಿಯುವುದನ್ನು ನಿಲ್ಲಿಸಿದಳು.

"ಅಕ್ಕ," ಎಂದಳು. "ಈ ಕಡೆ ಒಂದು ಬಾಗಿಲಿದೆ ಅಂತ ನಿನಗೆ ಯಾರು ಹೇಳಿದ್ರು?"

ಅಕ್ಕ ಸ್ಕ್ರೀನು ನೋಡುತ್ತಿದ್ದಳು, ಅಲ್ಲಿ ಎಗರಾಡುತ್ತಿದ್ದ ಆಕಾಶವನ್ನು. ನೋಡುತ್ತಾ ನೋಡುತ್ತಾ ಅವಳ ಮುಖದಿಂದ ರಕ್ತ ಇಳಿದುಹೋಯಿತು. ಕೊಂಡಿಯ ಮೇಲಿದ್ದ ಕೈ ಮೆಲ್ಲಗೆ ಸಡಿಲವಾಯಿತು, ಹಿಂದಕ್ಕೆ ಸರಿಯಿತು.

ಅವಳು ತಿರುಗಿ ನಡೆದು ಹಿಂದಿನ ಬಾಗಿಲು ಹಾಕಿದಳು. ಕರ್ಟನ್ ಎಳೆದಳು. ಬಿಸಿಲು ನಿಂತಿತು, ಸ್ಕ್ರೀನಿನಲ್ಲಿ ಆಕಾಶ ಮತ್ತೆ ತಿಳಿಯಾಯಿತು.

ಆ ಮಬ್ಬಿನಲ್ಲಿ ಅಕ್ಕ ಗಾಜಿನ ಹತ್ತಿರ ಬಗ್ಗಿ, ತಂಗಿಯ ಮುಖಕ್ಕೆ ಮುಖವಿಟ್ಟು, ತುಂಬ ಮೆತ್ತಗೆ ಕೇಳಿದಳು:

"ಅದರಲ್ಲಿ ಎಷ್ಟು ಕಾಣುತ್ತೆ, ಪುಟ್ಟಿ?"